ರಾಮಲಿಂಗ ಲುಪಿನ್ ನಾಟಿ ಹಚ್ಚಿಸಿದ್ದು

ಸುರಪುರದಿಂದ ಶಹಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಯಾದಗಿರಿಯ ಕಡೆ ಹೋಗುವ ಇನ್ನೊಂದು ಬಸ್ಸು ಹಿಡಿದು ಶೇಖಮ್ಮ ದೋರನಹಳ್ಳಿಯಲ್ಲಿ ಇಳಿದಾಗ ಬಿಸಿಲಿಗೆ ಇನ್ನೂ ಕಾವು ಬಂದಿರಲಿಲ್ಲ. ತಂಗಿಯ ಮೊಮ್ಮಗಳ ತೊಟ್ಟಿಲು ಕಾರ್ಯ ಮುಗಿಸಿ, ಉಡಿ ತುಂಬಿಸಿಕೊಂಡು, ಚೀಲದಲ್ಲಿ ಬುಂದಿ ಉಂಡಿ ಕಟ್ಟಿಸಿಕೊಂಡು ಬಂದವಳು ನಗುನಗುತ್ತಲೇ ಬಸ್ಸಿಳಿದಳು. ಆ ನಗು ಬಳೆ ಅಂಗಡಿ ಸಾಯಬಮ್ಮನ ಮುಂದೆ ಬರುವತನಕ ಮಾತ್ರ ಉಳಿಯಿತು.

"ಬಂದೇನ್ ಶೇಖಮ್ಮಕ್ಕಾ? ಜಲ್ದಿ ಮನಿಗಿ ಹೋಗವ್ವ. ನಿನ್ನ ಗಂಡ ನಿನಗ ಏನು ಮಾಡಿಟ್ಟಾನ ನೋಡ್ಹೋಗು. ನಮ್ಮ ಮನ್ಯಾಗೂ ಒಬ್ಬವ ಅದಾನ, ಒಂದಿನ ಒಂದ್ ತಂಬಿಗಿ ನೀರು ತುಂಬಿ ಕೊಟ್ಟಾನೇನು?"

"ಏನ್ ಮಾಡ್ಯಾರ?" ಶೇಖಮ್ಮ ಅಲ್ಲೇ ನಿಂತಳು.

"ನಾ ಹೇಳಂಗಿಲ್ಲ. ಹೇಳಬ್ಯಾಡ ಅಂದಾನ. ನೀನೇ ನೋಡು."

ಬೇರೆ ಹೆಂಗಸಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಶೇಖಮ್ಮ ಚೀಲವನ್ನು ಹೆಗಲಿಗೇರಿಸಿ ಓಡುನಡಿಗೆ ಹಾಕಿದಳು. ಗಂಡ ತನಗಾಗಿ ಏನೋ ಮಾಡಿದ್ದಾನೆ ಎಂದು ಕೇಳಿದಾಗಲೆಲ್ಲ ಅವಳು ಮೊದಲು ಲೆಕ್ಕ ಹಾಕುತ್ತಿದ್ದದ್ದು ಈ ಸಲ ಏನು ಹೋಯಿತು ಎಂದು.

ರಾಮಲಿಂಗನಂಥ ಒಳ್ಳೆಯ ಗಂಡಸು ದೋರನಹಳ್ಳಿಯಲ್ಲಿ ಇನ್ನೊಬ್ಬನಿಲ್ಲ ಎಂದು ಊರೇ ಹೇಳುತ್ತದೆ. ಸುಳ್ಳಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಯಾರದೇ ಮನೆಯಲ್ಲಿ ಸಾವಾದರೂ ಕಟ್ಟಿಗೆ ಹೊತ್ತುಕೊಂಡು ಮೊದಲು ಹೋಗುವವನು ಅವನೇ. ಅವನದು ಒಂದೇ ತೊಂದರೆ, ಕೇಳುವುದಿಲ್ಲ. ಮಾಡಿಬಿಡುತ್ತಾನೆ. ಮಾಡಿ, ಆಮೇಲೆ ಹಲ್ಲು ಕಿಸಿದು ನಿಲ್ಲುತ್ತಾನೆ.

ಒಮ್ಮೆ ಅವಳು ತವರಿಗೆ ಹೋದಾಗ ಅಡುಗೆಮನೆಯ ನೆಲದ ಒಲೆ ಒಡೆಸಿ, ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಸಿದ. ಅಳತೆಗೆ ಯಾರು ನಿಂತಿದ್ದರು? ತಾನೇ ನಿಂತಿದ್ದ. ಶೇಖಮ್ಮ ಅವನ ಭುಜಕ್ಕೂ ಬರುವುದಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಅವಳು ಮಣೆಯ ಮೇಲೆ ಹತ್ತಿ ನಿಂತೇ ರೊಟ್ಟಿ ಬಡಿಯುತ್ತಾಳೆ. "ನಿನ್ನ ಸೊಂಟ ನೋಯಬಾರದಂತ ಮಾಡಿಸೀನಿ" ಅಂದಿದ್ದ. ಸೊಂಟ ನೋಯುವುದು ನಿಂತಿತು, ಹೆಗಲು ನೋಯಲು ಶುರುವಾಯಿತು. ಇನ್ನೊಮ್ಮೆ ಅಂಗಳದ ಬೇವಿನ ಮರ ಕಡಿಸಿದ. ಎಲೆ ಉದುರಿ ಹೆಂಡತಿಗೆ ಕಸ ಗುಡಿಸುವುದು ಹೆಚ್ಚಾಗುತ್ತದೆಂದು. ಮಧ್ಯಾಹ್ನ ಆ ನೆರಳಲ್ಲಿ ಕೂತು ಅವಳು ಜೋಳ ಹಸನು ಮಾಡುತ್ತಿದ್ದಳು, ನಾಲ್ಕು ಜನ ಬಂದು ಕೂತು ನಾಲ್ಕು ಮಾತಾಡಿ ಹೋಗುತ್ತಿದ್ದರು. ನೆರಳೂ ಹೋಯಿತು, ಮಾತೂ ಹೋಯಿತು. ಅತ್ತು ಸಿಟ್ಟು ಮಾಡಿದರೆ ಕೇಳಿದವರೆಲ್ಲ ಅವಳಿಗೇ ಬುದ್ಧಿ ಹೇಳಿದರು: "ನಿನ್ನ ಸಲುವಾಗೇ ಮಾಡ್ಯಾನಲ್ಲವ್ವ!"

ಈ ಮನೆಯಲ್ಲಿ ಅವಳದು ಅಂತ ಉಳಿದದ್ದು ಹಿತ್ತಲಿನ ಒಂದು ಮಡಿ. ಅದರಲ್ಲಿ ಲುಪಿನ್.

ಲುಪಿನ್ ಅಂದರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಮಹಿಳಾ ಸಂಘದವರು ಬಸ್ಸು ಮಾಡಿಕೊಂಡು ಊಟಿಗೆ ಹೋಗಿದ್ದಾಗ ಒಂದು ತೋಟದಲ್ಲಿ ಕಂಡಿತ್ತು. ಜೋಳದ ತೆನೆಯ ಹಾಗೆ ನೆಟ್ಟಗೆ ಎದ್ದ ದಂಟು, ಬುಡದಿಂದ ತುದಿಯವರೆಗೆ ನೀಲಿ ಹೂ, ಗುಂಪು ಗುಂಪಾಗಿ. ಉಳಿದವರು ಫೋಟೋ ತೆಗೆಸಿಕೊಳ್ಳುವುದರಲ್ಲಿದ್ದರು, ಇವಳು ಬಾಯಿ ಬಿಟ್ಟುಕೊಂಡು ನಿಂತೇ ಇದ್ದಳು. ಹೊರಗೆ ಬೀಜ ಮಾರುವವನ ಹತ್ತಿರ ಪಾಕೀಟು ಕೊಂಡಳು. ಅವನು ತಮಿಳು ಬೆರೆಸಿದ ಕನ್ನಡದಲ್ಲಿ ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: ಬಿತ್ತಿದ ಜಾಗದಿಂದ ಕೀಳಬೇಡಿ, ಇದರ ಬೇರು ನೆಟ್ಟಗೆ ಇಳಿಯುತ್ತದೆ, ಕಿತ್ತರೆ ಸಾಯುತ್ತದೆ.

ಮೊದಲ ವರ್ಷ ಎರೆಮಣ್ಣಿಗೆ ಸಗಣಿಗೊಬ್ಬರ ಹಾಕಿ ಬಿತ್ತಿದಳು. ಎಲೆ ಸೊಕ್ಕಿ ಬೆಳೆದು ಬುಡ ಕೊಳೆತುಹೋಯಿತು. ಮರುವರ್ಷ ಗೊಬ್ಬರ ಬಿಟ್ಟಳು, ಆದರೆ ಸಂಕ್ರಾಂತಿ ಕಳೆದ ಮೇಲೆ ಬಿತ್ತಿದಳು. ಮೊಗ್ಗು ಕಾಣುವ ಹೊತ್ತಿಗೆ ಬಿಸಿಲು ಬಡಿದು ಸುಟ್ಟುಹೋಯಿತು. "ಇದರ ಕಾಯಿ ಪಲ್ಯ ಮಾಡತಾರೇನು?" ಎಂದು ಸಾಯಬಮ್ಮ ಕೇಳಿದ್ದಳು. "ತಿಂದ್ರ ವಾಂತಿ ಆಗತದ." "ಹಂಗಾದ್ರ ಯಾತಕ್ಕ ಬೆಳಿತಿ?" "ನೋಡಾಕ." ಸಾಯಬಮ್ಮ ಬಹಳ ಹೊತ್ತು ನಕ್ಕಿದ್ದಳು.

ಈ ಸಲ ಶೇಖಮ್ಮ ಹಟ ಹಿಡಿದಳು. ಊರ ಹೊರಗಿನ ದಿನ್ನೆಯಿಂದ ಕೆಂಪು ಮಣ್ಣು, ಹಳ್ಳದಿಂದ ಮರಳು, ಎರಡನ್ನೂ ಸೊಸೆ ಭಾರತಿಯ ಜೊತೆ ಬುಟ್ಟಿಯಲ್ಲಿ ಹೊತ್ತು ತಂದು ಎರೆಮಣ್ಣಿನ ಮೇಲೆ ಮೊಣಕಾಲೆತ್ತರ ಮಡಿ ಏರಿಸಿದಳು, ನೀರು ನಿಲ್ಲಬಾರದೆಂದು. ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ಒಂದೊಂದನ್ನೇ ಒರಳಿನ ಅಂಚಿಗೆ ಜರಾ ತಿಕ್ಕಿ, ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ದೀಪಾವಳಿ ಮುಗಿದದ್ದೇ ಊರಿದಳು. ಊಟಿಯಲ್ಲಿ ಕಂಡಂತೆ ಗುಂಪಾಗಿ ಏಳಲಿ ಎಂದು ಒತ್ತೊತ್ತಾಗಿ ಊರಿದಳು. ಎದ್ದವು. ಅಂಗೈ ಬಿಚ್ಚಿದಂಥ ಎಲೆ. ಬೆಳಗ್ಗೆ ಹೋದರೆ ಪ್ರತಿ ಅಂಗೈಯ ನಡುವೆ ಒಂದು ಇಬ್ಬನಿ ಹನಿ. ದಿನಾ ಮುಖ ತೊಳೆಯುವ ಮೊದಲು ಹೋಗಿ ಆ ಹನಿ ನೋಡಿ ಬರುವುದು ಅವಳಿಗೆ ರೂಢಿಯಾಗಿತ್ತು.

ಸುರಪುರಕ್ಕೆ ಹೊರಡುವಾಗ ಗಂಡನನ್ನು ಮಡಿಯ ಮುಂದೆ ನಿಲ್ಲಿಸಿ ಹೇಳಿದ್ದಳು: "ನೀರು ಬಿಡಬ್ಯಾಡ್ರಿ. ಗೊಬ್ಬರ ಹಾಕಬ್ಯಾಡ್ರಿ. ಮಧ್ಯಾಹ್ನ ಎಲಿ ಬಾಡಿದಂಗ ಕಾಣತಾವ, ಸಂಜಿಗಿ ತಾವೇ ಏಳತಾವ. ಮುಟ್ಟಬ್ಯಾಡ್ರಿ." ರಾಮಲಿಂಗ ತಲೆ ಅಲ್ಲಾಡಿಸಿದ್ದ. ಅವನು ತಲೆ ಅಲ್ಲಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲ ಎನ್ನುವುದು ಅವಳಿಗೆ ಮರೆತಿತ್ತೇನೋ, ಅಥವಾ ಇದೊಂದರಲ್ಲಾದರೂ ಕೇಳಿಯಾನು ಅಂದುಕೊಂಡಿದ್ದಳೋ.

ಹಿತ್ತಲಿಗೆ ಬಂದು ನೋಡಿದರೆ ಮಡಿಯೇ ಇಲ್ಲ.

ಏರಿಸಿದ ಮಣ್ಣನ್ನೆಲ್ಲ ಸಲಿಕೆಯಿಂದ ಎಳೆದು ಸಪಾಟು ಮಾಡಿ, ಸುತ್ತ ಬದು ಕಟ್ಟಿ, ಕೊಳಾಯಿ ಬಿಟ್ಟು ಪಾದ ಮುಳುಗುವಷ್ಟು ನೀರು ನಿಲ್ಲಿಸಲಾಗಿತ್ತು. ಆ ರಾಡಿಯಲ್ಲಿ, ಹಗ್ಗ ಹಿಡಿದು ಹಚ್ಚಿದಂತೆ ನೇರ ಸಾಲುಗಳಲ್ಲಿ, ಅವಳ ಲುಪಿನ್ ಸಸಿಗಳು ಒಂದೊಂದೂ ದೂರದೂರ ಮಲಗಿದ್ದವು. ಪಕ್ಕದಲ್ಲಿ ರಾಮಲಿಂಗ ಪಂಚೆ ಎತ್ತಿ ಕಟ್ಟಿಕೊಂಡು ಹಲ್ಲು ಕಿಸಿದು ನಿಂತಿದ್ದ.

"ಹ್ಯಾಂಗದ?"

ಶೇಖಮ್ಮ ಹೆಗಲ ಮೇಲಿನ ಚೀಲ ಇಳಿಸಿದಳು.

"ಹೊಲದಾಗ ಭತ್ತ ಹಚ್ಚೋದು ನಿನ್ನಿಗಿ ಮುಗೀತು. ರೇಣುಕಾದೇವಿ ಗುಂಪಿನವರಿಗಿ ಅಂದೆ, ಬರ್ರವ್ವ, ನಮ್ಮ ಮನ್ಯಾಕಿದು ಹೂವಿನ ಸಸಿ ಒಂದೇ ಕಡಿ ಒತ್ತಿ ಬೆಳದಾವ, ನಾಟಿ ಹಚ್ಚಿ ಕೊಡ್ರಿ ಅಂತ. ನಗ್ಕೋತ ಬಂದ್ರು. ಸಾಲು ನೋಡು ಹೆಂಗವ! ನೀ ಬಿತ್ತಿ ಬಿಟ್ಟಿದ್ದಿ, ಸಸಿ ಎಲ್ಲಾ ಅಲ್ಲೇ ಇರಬೇಕೇನು? ಬಿಡಿಸಿ ಹಚ್ಚಿದ್ರ ಅಲ್ಲೇನು ತೆನಿ ಒಡಿಯೋದು?"

ಅವನಿಗೆ ಗೊತ್ತಿದ್ದದ್ದು ಭತ್ತ. ಕೆನಾಲಿಗೆ ನೀರು ಬಂದಾಗಿನಿಂದ ಅವನ ಬದುಕೆಲ್ಲ ಅದೇ: ಒತ್ತಾಗಿ ಬಿತ್ತು, ಕೀಳು, ರಾಡಿಯಲ್ಲಿ ಬಿಡಿಸಿ ಹಚ್ಚು, ನೀರು ನಿಲ್ಲಿಸು. ಒತ್ತಾಗಿ ನಿಂತ ಎಳೆಯ ಸಸಿ ಕಂಡರೆ ಅವನ ಕೈಗೆ ತಡೆಯಲಾಗುವುದಿಲ್ಲ.

ಶೇಖಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಒಂದು ಸಸಿ ಕಿತ್ತಳು. ಎಳೆಯಬೇಕಾಗಲೇ ಇಲ್ಲ, ಕೈಗೆ ಬಂತು. ಗೇಣುದ್ದ ಇಳಿದಿರಬೇಕಾದ ಬೇರು ಬೆರಳುದ್ದಕ್ಕೆ ಚಿವುಟಿಹೋಗಿತ್ತು.

"ಬೇರು?"

"ಅದು ಭಾಳ ಉದ್ದಿತ್ತು. ರಾಡ್ಯಾಗ ಮಡಚಿಕೋತದಂತ ಚೂಟಿ ಹಚ್ಚ್ಯಾರ. ನೀ ಹೆದರಬ್ಯಾಡ, ಹಚ್ಚಿದ ಮ್ಯಾಲ ಎರಡು ದಿನ ಮಲಗೇ ಮಲಗತಾವ. ಭತ್ತ ಮಲಗಂಗಿಲ್ಲೇನು? ಆಮ್ಯಾಲ..."

"ನಾ ನಿನಗ ಏನು ಹೇಳಿ ಹೋಗಿದ್ದೆ?"

ಮದುವೆಯಾಗಿ ಮೊಮ್ಮಕ್ಕಳು ಬರುವ ಕಾಲವಾದರೂ ಅವಳು ಗಂಡನನ್ನು ಏಕವಚನದಲ್ಲಿ ಕೂಗಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಭಾರತಿ ಅಲ್ಲೇ ನಿಂತುಬಿಟ್ಟಳು.

"ಏನು ಹೇಳಿದ್ದೆ? ಬಾಯಿ ಬಿಡು. ಮುಟ್ಟಬ್ಯಾಡ ಅಂದಿದ್ದೆ ಇಲ್ಲ?"

ರಾಮಲಿಂಗ ನಿಜವಾಗಿಯೂ ಗಾಬರಿಯಾಗಿ ಹೇಳಿದ: "ನಾ ಎಲ್ಲಿ ಮುಟ್ಟೀನಿ? ಹೆಣ್ಣಮಕ್ಕಳು ಮುಟ್ಟ್ಯಾರ."

ಆಮೇಲೆ ಶೇಖಮ್ಮ ಏನು ಮಾಡಿದಳೆಂದರೆ, ನೀರೊಲೆಯ ಹತ್ತಿರವಿದ್ದ ಬಕೆಟ್ಟು ತಂದು ಆ ನೀರನ್ನು ತೋಡಿ ತೋಡಿ ಹೊರಗೆ ಚೆಲ್ಲತೊಡಗಿದಳು. ಎತ್ತ ಬೀಳುತ್ತದೆಂದು ನೋಡಲಿಲ್ಲ. ಮೊದಲನೆಯದು ಗೋಡೆಗೆ, ಎರಡನೆಯದು ಒಣಹಾಕಿದ ಬಟ್ಟೆಗೆ, ಮೂರನೆಯದು ರಾಮಲಿಂಗನ ಎದೆಗೆ. ಅವನು ಹಿಂದೆ ಸರಿದು, "ಏ ಹುಚ್ಚೀ, ನೀರು ಯಾಕ ಖಾಲಿ ಮಾಡ್ತಿ, ಸಸಿ ಸಾಯತಾವ!" ಅಂದ. ಆ ಮಾತಿಗೆ ಅವಳು ಬಕೆಟ್ಟನ್ನೇ ಬೀಸಿ ಒಗೆದಳು. ಅದು ಅವನಿಗೆ ತಾಗಲಿಲ್ಲ, ತಾಗಿದ್ದರೆ ಒಳ್ಳೆಯದಿತ್ತು ಅನಿಸಿತು ಅವಳಿಗೆ.

"ಅತ್ತಿ, ನಾ ಮಾವಗ ಬ್ಯಾಡ ಅಂದೀನ್ರಿ," ಎಂದಳು ಭಾರತಿ ಮೆಲ್ಲಗೆ. "ನಿಮ್ಮತ್ತಿಗಿ ಫೋನ್ ಹಚ್ಚಿ ಹೇಳಿಗೀಳಿ, ಆಕಿ ಬಂದು ನೋಡಿ ಖುಷಿಯಾಗಲಿ ಅಂದ್ರು."

ಸಂಜೆಯ ಹೊತ್ತಿಗೆ ಸುದ್ದಿ ಓಣಿಯೆಲ್ಲ ಹಬ್ಬಿತು. ಶೇಖಮ್ಮ ಗಂಡನ ಮೈಮೇಲೆ ರಾಡಿ ಚೆಲ್ಲಿದಳಂತೆ. ಒಬ್ಬೊಬ್ಬರೇ ಬಂದರು. ನಾಟಿ ಗುಂಪಿನ ರೇಣುಕಾದೇವಿ ಬಂದು, "ಕೂಲಿನೂ ತಗೊಂಡಿಲ್ಲಕ್ಕಾ, ನಿನ್ನ ಮ್ಯಾಲಿನ ಪ್ರೀತಿಗಿ ಹಚ್ಚೀವಿ" ಎಂದು ಕಣ್ಣೀರು ಹಾಕಿದಳು. ದಿನವಿಡೀ ಬಗ್ಗಿ ಭತ್ತ ಹಚ್ಚಿ ಬಂದ ಹೆಣ್ಣುಮಗಳು, ಅವಳನ್ನು ಬಯ್ಯಲಾಗುತ್ತದೆಯೇ? ಶೇಖಮ್ಮ ಅವಳಿಗೆ ಬುಂದಿ ಉಂಡಿ ಕೊಟ್ಟು ಕಳಿಸಿದಳು. ಕಳಿಸಿ ಒಳಗೆ ಬಂದು ಇನ್ನಷ್ಟು ಉರಿದಳು. ಅವಳ ಸಿಟ್ಟಿಗೆ ಊರಲ್ಲಿ ನಿಲ್ಲಲು ಜಾಗವೇ ಇರಲಿಲ್ಲ.

ಸಾಯಬಮ್ಮ ಅಂಗಡಿ ಮುಚ್ಚಿ ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತಳು. "ಪ್ರೀತಿಲಿಂದ ಮಾಡ್ಯಾನವ್ವ. ಬೈಬಾರದು."

"ಪ್ರೀತಿಲಿಂದ ಎಮ್ಮಿ ಕಾಲು ಕಡದ್ರ ಎಮ್ಮಿ ಏನನಬೇಕು?"

"ಎಮ್ಮಿ ಎಲ್ಲಿ, ಹೂ ಎಲ್ಲಿ! ತಿನ್ನಾಕ ಬರಂಗಿಲ್ಲ, ಮುಡಿಯಾಕ ಬರಂಗಿಲ್ಲ. ಹೋಗಲಿ ಬಿಡು."

"ನನಗ ಹೂವಿನ ಸಿಟ್ಟಲ್ಲ ಸಾಯಬಮ್ಮ. ಈ ಮನ್ಯಾಗ ಒಂದು ಗೇಣು ಜಾಗದಾಗ ನಾ ಬ್ಯಾಡ ಅಂದ್ರ ಬ್ಯಾಡ ಆಗಬೇಕು. ಒಂದು ಗೇಣು. ಅದೂ ಆಗಂಗಿಲ್ಲ ಅಂದ್ರ ನಾ ಯಾಕ ಅದೀನಿ ಇಲ್ಲಿ?"

ಸಾಯಬಮ್ಮ ಬಳೆ ಸರಿಸಿಕೊಂಡಳು. ಎದ್ದುಹೋದಳು.

ಮಲಗಿದ ಸಸಿ ಏಳಲಿಲ್ಲ. ಮರುದಿನ ಹಳದಿಯಾದವು, ಆಮೇಲೆ ಕರಗಿದವು. "ಹೋಗಲಿ ಬಿಡು, ಅಲ್ಲಿ ಮೆಂತ್ಯಾ ಹಾಕೋಣು" ಅಂದ ರಾಮಲಿಂಗ. ಶೇಖಮ್ಮ ಅವನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಬಡಿಸುತ್ತಿದ್ದಳು, ಆದರೆ "ನಿಮ್ಮ ಮಾವಗ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎಂದು ಎದುರಿಗೇ ಕೂತವನ ಬಗ್ಗೆ ಸೊಸೆಯನ್ನು ಕೇಳುತ್ತಿದ್ದಳು. ಹೆಂಡತಿಯ ಸಿಟ್ಟನ್ನೂ ಅವನು ಮಳೆಯ ಹಾಗೆ ತಿಳಿದಿದ್ದ, ಬಂದು ಹೋಗುತ್ತದೆ ಎಂದು.

ಚಹಾಪುಡಿಯ ಡಬ್ಬಿಯಲ್ಲಿ ಒಂದು ಹಿಡಿ ಬೀಜ ಉಳಿದಿತ್ತು. ಎಳ್ಳ ಅಮಾವಾಸ್ಯೆ ಎದುರಿಗೆ ಬಂದಿತ್ತು. ಈಗ ಊರಿದರೆ ಹೂ ಬಿಡುವುದು ಶಿವರಾತ್ರಿಯ ಹೊತ್ತಿಗೆ, ಬಿಸಿಲು ಹಲ್ಲು ಕಡಿಯುವ ಕಾಲಕ್ಕೆ. ಬರುವ ವರ್ಷಕ್ಕೆ ಇಟ್ಟುಕೊಳ್ಳುವುದೇ ಜಾಣತನ. ಆದರೆ ಬರುವ ವರ್ಷದತನಕ ಆ ಜಾಗ ಖಾಲಿ ಬಿಟ್ಟರೆ ಅದು ಅವಳದಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮತ್ತೆ ಕೆಂಪು ಮಣ್ಣು ಹೊತ್ತಳು, ಮತ್ತೆ ಮರಳು. ರಾಮಲಿಂಗ ಸಲಿಕೆ ಹಿಡಿದು ಬಂದ.

"ಮುಟ್ಟಬ್ಯಾಡ್ರಿ," ಅಂದಳು. ಅಷ್ಟು ದಿನಗಳಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು. ಮಾತಾಡಿದಳಲ್ಲ ಎಂದು ಅವನು ನಕ್ಕ. ಆ ನಗೆ ಕಂಡು ಅವಳು ಮಣ್ಣಿಗೆ ಹಾಕಿದ ಏಟಿಗೆ ಕುರ್ಪಿಯ ಹಿಡಿಕೆ ಸಡಿಲಾಯಿತು.

ಬೀಜ ಎದ್ದವು. ಎರಡು ಬೆರಳೆತ್ತರವಾದವು. ಆಗ ಒಂದು ಬೆಳಗ್ಗೆ ಟ್ರ್ಯಾಕ್ಟರ್ ಬಂದು ಮನೆಯ ಹಿಂದೆ ನಿಂತಿತು, ಟ್ರಾಲಿ ತುಂಬ ಫರಸಿ ಕಲ್ಲು. ಹಿಂದೆಯೇ ಗಾರೆ ಕೆಲಸದ ಮಕ್ತುಮಸಾಬ, ತಲೆಗೆ ಟವೆಲ್ ಸುತ್ತಿಕೊಂಡು.

"ಏನಿದು?"

"ನಿಮ್ಮ ಮನಿಯವ್ರು ಹೇಳ್ಯಾರಕ್ಕಾ. ಹಿತ್ತಲಿಗಿ ಪೂರಾ ಫರಸಿ ಹಾಸಬೇಕಂತ. ನಿಮಗ ರಾಡಿ ಆಗಬಾರದು, ಬಟ್ಟಿ ಒಗಿಯಾಕ ಅನುಕೂಲ ಆಗಲಿ ಅಂತ."

"ಪೂರಾ ಅಂದ್ರ?"

ಮಕ್ತುಮಸಾಬ ಮಡಿಯ ಕಡೆ ನೋಡಿದ, ಅವಳ ಮುಖ ನೋಡಿದ, ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. "ಪೂರಾ ಅಂದ್ರ... ಪೂರಾನೇ ಅಕ್ಕಾ. ಹೂವಿಗಿ ಕುಂಡ ತಂದು ಕೊಡ್ತಾರಂತ."

ಶೇಖಮ್ಮ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಮಡಿಯ ಮುಂದೆ ನೆಲದ ಮೇಲೆ ಕೂತಳು. "ಹಾಸು. ನನ್ನ ಮ್ಯಾಲಿಂದ ಹಾಸ್ಕೋತ ಹೋಗು."

"ಅಲ್ಲಾ! ನನಗ ಯಾಕ ಬೈತೀರಿ, ನಾ ಗಾರೆಯವ."

ಕಲ್ಲು ಇಳಿಸುವ ಸದ್ದಿಗೆ ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕಿದರು. ಹೊಲದಿಂದ ರಾಮಲಿಂಗ ಬಂದ. ಹಲ್ಲು ಕಿಸಿಯಲು ಶುರು ಮಾಡಿದವನು ಹೆಂಡತಿ ನೆಲದಲ್ಲಿ ಕೂತದ್ದು ಕಂಡು ಅರ್ಧಕ್ಕೇ ನಿಲ್ಲಿಸಿದ.

"ಯಾಕ ಕೂತೀದಿ ಇಲ್ಲಿ? ನಿನ್ನ ಸಲುವಾಗೇ..."

"ಗೊತ್ತದ," ಶೇಖಮ್ಮ ಎದ್ದಳು. "ಎಲ್ಲಾ ನನ್ನ ಸಲುವಾಗೇ. ಅಡಗಿ ಕಟ್ಟಿ ನನ್ನ ಸಲುವಾಗಿ, ನಾ ಮಣಿ ಹತ್ತಿ ನಿಂದರತೀನಿ. ಬೇವಿನ ಗಿಡ ನನ್ನ ಸಲುವಾಗಿ ಕಡದ್ರಿ, ನಾ ಬಿಸಿಲಾಗ ಕೂತೀನಿ. ನನ್ನ ಸಸಿ ಕಿತ್ತು ಬೇರು ಚೂಟಿಸಿದ್ರಿ, ಅದೂ ನನ್ನ ಸಲುವಾಗಿ. ಈಗ ಕಲ್ಲು. ಒಂದು ಮಾತು ಕೇಳತೀನಿ, ಓಣಿಯವರೆಲ್ಲ ಅದಾರ, ಅವರ ಮುಂದೇ ಹೇಳ್ರಿ. ನನ್ನ ಸಲುವಾಗಿ ಇಷ್ಟೆಲ್ಲಾ ಮಾಡೀರಲ್ಲ, ನನ್ನ ಕೇಳಿ ಮಾಡಿದ್ದು ಯಾವುದು? ಒಂದು ಹೇಳ್ರಿ. ಸಣ್ಣದಾದರೂ ನಡೀತದ."

ರಾಮಲಿಂಗ ಬಾಯಿ ತೆರೆದ. ಗೋಡೆಯ ಮೇಲಿನ ತಲೆಗಳೆಲ್ಲ ಅವನ ಕಡೆ ತಿರುಗಿದವು. ಅವನು ಟ್ರ್ಯಾಕ್ಟರ್ ನೋಡಿದ, ಸೊಸೆಯನ್ನು ನೋಡಿದ, ನೆನಪು ಕೆದಕುವವನಂತೆ ಹಣೆ ಕೆರೆದುಕೊಂಡ. ಬಾಯಿ ಹಾಗೇ ಮುಚ್ಚಿತು.

"ನೆನಪಾಗಲಿ ತಡೀರಿ, ನಾ ಎಲ್ಲಿಗೂ ಹೋಗಂಗಿಲ್ಲ."

ಯಾರೋ ಕಿಸಕ್ಕೆಂದರು, ಸಾಯಬಮ್ಮ ಇರಬೇಕು. ರಾಮಲಿಂಗನಿಗೆ ಒಂದೂ ನೆನಪಾಗಲಿಲ್ಲ.

"ಮಕ್ತುಮಸಾಬ," ಅಂದಳು ಶೇಖಮ್ಮ. "ಈ ಕಲ್ಲು ಹಾಸಬ್ಯಾಡ. ನಿಲ್ಲಿಸು. ಹೊಲದ ಬೇಲಿಗಿ ನಿಲ್ಲಸ್ತಾರಲ್ಲ, ಹಂಗ. ಈ ಮಡಿ ಸುತ್ತ, ಸೊಂಟದ ಮಟ. ಅರ್ಧ ಮಣ್ಣಾಗ ಹುಗಿ, ಯಾರ ದನಾ ನುಗ್ಗಿದ್ರೂ ಅಲ್ಲಾಡಬಾರದು."

ಮಕ್ತುಮಸಾಬ ರಾಮಲಿಂಗನ ಕಡೆ ನೋಡಿದ.

"ಅವರ ಕಡಿ ಯಾಕ ನೋಡ್ತಿ? ನನ್ನ ಕಡಿ ನೋಡು."

ಅವನು ಅವಳ ಕಡೆ ನೋಡಿದ. "ಬಾಗಲಾ ಎಲ್ಲಿ ಬಿಡಲಿ ಅಕ್ಕಾ?"

"ಅಡಗಿಮನಿ ಕಡಿ. ನಾ ಹೋಗೋ ಅಷ್ಟು."

ಸಂಜೆಯೊಳಗೆ ಮಡಿಯ ಸುತ್ತ ಬೂದು ಬಣ್ಣದ ಚಪ್ಪಡಿಗಳು ಹೆಗಲಿಗೆ ಹೆಗಲು ಹಚ್ಚಿ ನಿಂತವು. ಊರಲ್ಲಿ ಅದಕ್ಕೆ ಶೇಖಮ್ಮನ ಕಿಲ್ಲೆ ಎಂದು ಹೆಸರಾಯಿತು. ಸುರಪುರದಲ್ಲಿ ಅರಸರ ಕೋಟೆ ನೋಡಿ ಬಂದು ಹಿತ್ತಲಲ್ಲಿ ತನ್ನದೊಂದು ಕಟ್ಟಿಸಿಕೊಂಡಳು ಎಂದು ನಕ್ಕರು. ನಗಲಿ ಎಂದುಕೊಂಡಳು. ಅವಳ ಸಿಟ್ಟೇನೂ ಇಳಿದಿರಲಿಲ್ಲ. ಮಣೆ ಹತ್ತಿ ರೊಟ್ಟಿ ಬಡಿಯುವಾಗಲೆಲ್ಲ ಹೊಸದಾಗಿ ಏರುತ್ತಿತ್ತು.

ಎದ್ದ ಸಸಿಗಳಲ್ಲಿ ಅರ್ಧ ಉಳಿಯಲಿಲ್ಲ. ಕೆಲವಕ್ಕೆ ಗಿಡಹೇನು ಹತ್ತಿದವು, ಸಾಬೂನಿನ ನೀರು ಹೊಡೆದಳು. ಕೆಲವು ಕಾರಣವಿಲ್ಲದೆ ಒಣಗಿದವು. ಮಾಘ ಕಳೆಯುತ್ತಿದ್ದಂತೆ ಬಿಸಿಲು ಚುರುಕಾಯಿತು. ಆದರೆ ಮಧ್ಯಾಹ್ನ ತಿರುಗಿದ್ದೇ ಪಡುವಲ ಕಡೆಯ ಚಪ್ಪಡಿಯ ನೆರಳು ಮಡಿಯ ಮೇಲೆ ಬೀಳುತ್ತಿತ್ತು. ಅದಕ್ಕಾಗಿ ಅವಳು ಕಲ್ಲು ನಿಲ್ಲಿಸಿರಲಿಲ್ಲ. ಕಲ್ಲು ನಿಲ್ಲಿಸಿದ್ದು ಒಬ್ಬ ಮನುಷ್ಯನ ಕಾಲಿಗೆ ಅಡ್ಡವಾಗಿ. ಬುಡ ತಂಪಾಗಿ ಉಳಿದದ್ದು ಮೇಲಿನ ಲಾಭ.

ಶಿವರಾತ್ರಿಯ ಹಿಂದುಮುಂದು ಒಂದು ಬೆಳಗ್ಗೆ ಹೋಗಿ ನೋಡಿದಾಗ ನಾಲ್ಕಾರು ದಂಟು ನೆಟ್ಟಗೆ ಎದ್ದಿದ್ದವು. ಊಟಿಯಲ್ಲಿ ಕಂಡಂತೆ ಸೊಂಟದೆತ್ತರವಲ್ಲ, ಮೊಣಕೈಯುದ್ದವೂ ಇಲ್ಲ. ಬುಡದ ಹೂಗಳು ನೀಲಿಯಾಗಿ ಬಿಚ್ಚಿದ್ದವು, ಮೇಲಿನವು ಇನ್ನೂ ಹಸಿರು ಮುಷ್ಟಿ. ಶೇಖಮ್ಮ ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತಳು. ಯಾರನ್ನೂ ಕರೆಯಲಿಲ್ಲ.

ರಾಮಲಿಂಗ ನೀರು ಕಟ್ಟಿ ಹೊಲದಿಂದ ಬಂದವನು ಚಪ್ಪಡಿಯ ಆಚೆ ನಿಂತ.

"ಬಂದಾವೇನು?"

"ಬಂದಾವ."

ಅವನು ಸುತ್ತಿಕೊಂಡು ಅಡುಗೆಮನೆಯ ಕಡೆಯ ಬಾಗಿಲಿಗೆ ಬಂದ. ಒಂದು ಕಾಲು ಒಳಗೆ ಎತ್ತಿದ್ದ. ಕೆಸರು ಮೆತ್ತಿದ ಪಾದ ಗಾಳಿಯಲ್ಲೇ ನಿಂತಿತು.

"ಒಳಗ ಬರಲೇನು?"

ಶೇಖಮ್ಮ ತಲೆ ಎತ್ತಿ ನೋಡಿದಳು. ಹೂಂ ಅಂದರೆ ಮುಗಿಯುತ್ತಿತ್ತು. ಅಷ್ಟು ವರ್ಷ ಬಾಳಿದ ಮನುಷ್ಯ, ಮುಖ ಬಾಡಿಸಿಕೊಂಡು ನಿಂತಿದ್ದಾನೆ, ಓಣಿಯವರು ಕೇಳಿದರೆ ಅಯ್ಯೋ ಪಾಪ ಅಂದಾರು.

"ಬ್ಯಾಡ್ರಿ."

"ಒಂದಿಷ್ಟು ನೋಡಿ ಹೋಗತೀನಿ."

"ಅಲ್ಲಿಂದೇ ಕಾಣತಾವ."

ಅವಳು ಅವನ ಮುಖ ನೋಡಲಿಲ್ಲ, ಪಾದ ನೋಡುತ್ತ ಕೂತಳು. ಅದು ತುಸು ಅಲ್ಲಾಡಿತು. ಮೆಲ್ಲಗೆ ಹಿಂದಕ್ಕೆ ಹೋಗಿ ಹೊರಗಿನ ಮಣ್ಣಿನ ಮೇಲೆ ಊರಿತು. ಒಳಗಿನಿಂದ ಭಾರತಿ "ಮಾವಾರ, ಚಾ ಆಗ್ಯದ" ಎಂದು ಕೂಗಿದಳು. ರಾಮಲಿಂಗ ಹೋಗಲಿಲ್ಲ. ಮತ್ತೆ ಸುತ್ತಿಕೊಂಡು ಚಪ್ಪಡಿಯ ಆಚೆ ಬಂದು, ಅದರ ಅಂಚಿಗೆ ಎರಡೂ ಮೊಣಕೈ ಊರಿ, ಕತ್ತು ಚಾಚಿ ನೀಲಿ ಹೂ ನೋಡತೊಡಗಿದ.

"ಕಲ್ಲಿಗಿ ಒರಗಬ್ಯಾಡ್ರಿ," ಅಂದಳು ಶೇಖಮ್ಮ.

ಅವನು ಮೊಣಕೈ ತೆಗೆದ.